ಗಂಟೆ ಲೆಕ್ಕದ ಮೇಡಂ

ಆ ವರ್ಷ ನಾನು ನೀರು ಕುಡಿಯುವುದನ್ನು ಬಿಟ್ಟಿದ್ದೆ.

ಬೆಳಿಗ್ಗೆ ಮನೆಯಲ್ಲಿ ಅರ್ಧ ಲೋಟ ಕಾಫಿ. ಆಮೇಲೆ ಸಂಜೆ ಮನೆ ಸೇರುವವರೆಗೆ ಒಂದು ಗುಟುಕೂ ಇಲ್ಲ. ಪಾಠ ಮಾಡುವಾಗ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ತುಟಿ ಒಡೆದು ಉರಿಯುತ್ತಿತ್ತು. ಮುಂದಿನ ಬೆಂಚಿನ ಹುಡುಗಿಯರು ತಮ್ಮ ಬಾಟಲಿ ಹಿಡಿದರೆ ಬೇಡ ಅನ್ನುತ್ತಿದ್ದೆ. ಕುಡಿದರೆ ಹೋಗಬೇಕಾಗುತ್ತದೆ. ಹೋಗುವುದೆಲ್ಲಿಗೆ?

ಮಹಿಳಾ ಸಿಬ್ಬಂದಿಯ ಶೌಚಾಲಯ ಸ್ಟಾಫ್‌ರೂಮಿನ ಪಕ್ಕದಲ್ಲೇ ಇತ್ತು. ಬಿಳಿ ಟೈಲ್ಸ್ ಇತ್ತು, ನಲ್ಲಿ ಇತ್ತು, ಕನ್ನಡಿ ಇತ್ತು. ಬಾಗಿಲಿಗೆ ಬೀಗವೂ ಇತ್ತು. ಕೀಲಿ ಪರ್ಮನೆಂಟ್ ಮೇಡಂಗಳ ಬಳಿ ಮಾತ್ರ. ಪಾರ್ಟ್‌ಟೈಮಿನವರು ಸ್ಟಾಫ್‌ರೂಮಿನ ಹೊಸಿಲೂ ದಾಟುವಂತಿರಲಿಲ್ಲ. ನಮಗೆ ಕೊಟ್ಟಿದ್ದು ಆಟದ ಸಾಮಾನಿನ ಕೋಣೆ. ಹರಿದ ವಾಲಿಬಾಲ್ ನೆಟ್ಟು, ಸುಣ್ಣದ ಚೀಲ, ಹಾಕಿ ಕೋಲು, ನಾವು. ಹುಡುಗಿಯರ ಶೌಚಾಲಯ ಮೈದಾನದ ಆಚೆ, ಇಳಿಜಾರಿನ ಕೆಳಗೆ. ಅದಕ್ಕೆ ಚಿಲಕವಿಲ್ಲ. ಒಂದು ಕ್ಲಾಸು ಮುಗಿದು ಇನ್ನೊಂದು ಶುರುವಾಗುವುದರೊಳಗೆ ಹೋಗಿ ಬರಲು ಆಗುತ್ತಿರಲಿಲ್ಲ. ತಡವಾದರೆ ಆ ಗಂಟೆಯ ದುಡ್ಡು ಕಟ್.

ಮತ್ತು ನಾನು ಬಸುರಿ. ಅದು ಯಾರಿಗೂ ಗೊತ್ತಾಗಬಾರದಿತ್ತು.

ನನ್ನ ಹೆಸರು ದೇವೀರಮ್ಮ. ಚಿಕ್ಕಮಗಳೂರಿನಿಂದ ಸ್ವಲ್ಪ ಆಚೆ, ಗುಡ್ಡದ ಮೇಲಿನ ಒಂದು ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದೆ. ಕಾಫಿ ಪ್ಲಾಂಟರುಗಳು ಸೇರಿ ಕಟ್ಟಿದ ಟ್ರಸ್ಟಿನ ಕಾಲೇಜು ಅದು. ಎರಡು ಸಾವಿರದ ಒಂದನೇ ಇಸವಿಗೆ ನಾನು ಅಲ್ಲಿಗೆ ಸೇರಿ ಐದು ವರ್ಷ. ಐದು ವರ್ಷ ಅಂದರೆ ಐದು ಸಲ ಸೇರಿದ್ದು. ಪ್ರತಿ ಜೂನಿನಲ್ಲಿ ಇಂಟರ್‌ವ್ಯೂ ಮಾಡಿ ತೆಗೆದುಕೊಳ್ಳುತ್ತಿದ್ದರು. ಪ್ರತಿ ಮಾರ್ಚಿನಲ್ಲಿ ಬಿಡಿಸುತ್ತಿದ್ದರು.

ಅರ್ಥಶಾಸ್ತ್ರಕ್ಕೆ ಎರಡು ಹುದ್ದೆ. ಒಂದರಲ್ಲಿ ವಸುಮತಿ ಮೇಡಂ ಇದ್ದರು. ಸರ್ಕಾರವೇ ಸಂಬಳ ಕೊಡುವ ಹುದ್ದೆ. ಇನ್ನೊಂದು ಖಾಲಿ. ಆ ಖಾಲಿ ಹುದ್ದೆ ನಮ್ಮ ಜನರಿಗೆ, ಪರಿಶಿಷ್ಟ ಜಾತಿಗೆ ಮೀಸಲಾದದ್ದು. ಎರಡು ಸಲ ಪೇಪರಿನಲ್ಲಿ ಕರೆದಿದ್ದರು. ಎರಡು ಸಲವೂ ನಾನು ಅರ್ಜಿ ಹಾಕಿದ್ದೆ. ಎಂ.ಎ. ಫಸ್ಟ್‌ಕ್ಲಾಸ್ ಇತ್ತು, ಲೆಕ್ಚರರ್ ಆಗಲು ಬೇಕಾದ ಸ್ಲೆಟ್ ಪರೀಕ್ಷೆ ಪಾಸಾಗಿತ್ತು. ಎರಡು ಸಲವೂ ‘ಅರ್ಹ ಅಭ್ಯರ್ಥಿ ದೊರೆಯಲಿಲ್ಲ’ ಎಂದು ಬರೆದು ಕಳಿಸಿದರು. ಆಮೇಲೆ ಅದೇ ಅರ್ಹಳಲ್ಲದವಳನ್ನು ಕರೆದು ಅದೇ ಹುದ್ದೆಯ ಪಾಠವನ್ನು ಗಂಟೆಗೆ ನಲವತ್ತು ರೂಪಾಯಿಯಂತೆ ಮಾಡಿಸಿದರು.

ನಾನೂ ವಸುಮತಿ ಮೇಡಮ್ಮೂ ಒಂದೇ ಪುಸ್ತಕ ಹೇಳುತ್ತಿದ್ದೆವು. ಒಂದೇ ಬೆಂಚಿನ ಮಕ್ಕಳಿಗೆ. ನನ್ನ ಗಂಟೆಗಳೇ ಹೆಚ್ಚು. ಅವರ ಸಂಬಳ ನನ್ನದರ ನಾಲ್ಕರಷ್ಟು. ಅವರಿಗೆ ದಸರೆಗೂ ಸಂಬಳ, ಬಂದ್‌ಗೂ ಸಂಬಳ. ಜುಲೈಯಲ್ಲಿ ಡಿ.ಸಿ.ಯವರು ಮಳೆ ರಜೆ ಕೊಟ್ಟರೆ ಅವರು ಮನೆಯಲ್ಲಿ ಹಪ್ಪಳ ಸುಡುತ್ತಿದ್ದರು. ನಾನು ಕಿಟಕಿಯಲ್ಲಿ ನಿಂತು ಮಳೆಯನ್ನು ಬಯ್ಯುತ್ತಿದ್ದೆ. ಪೇಪರು ತಿದ್ದಿದ್ದಕ್ಕೆ, ಪರೀಕ್ಷೆ ಕಾದಿದ್ದಕ್ಕೆ, ಎನ್ನೆಸ್ಸೆಸ್ ಕ್ಯಾಂಪಿಗೆ ಅನ್ನ ಬೇಯಿಸಿದ್ದಕ್ಕೆ ನನಗೆ ಏನೂ ಇಲ್ಲ. ಪಾಠ ಹೇಳಿದ ಗಂಟೆ ಮಾತ್ರ ಗಂಟೆ.

ಹಿಂದಿನ ವರ್ಷ ವಸುಮತಿ ಮೇಡಂಗೆ ಹೆರಿಗೆಯಾಯಿತು. ನಾಲ್ಕೂವರೆ ತಿಂಗಳು ಸಂಬಳ ಸಮೇತ ರಜೆ. ನಾಮಕರಣಕ್ಕೆ ನಮ್ಮನ್ನೂ ಕರೆದಿದ್ದರು. ಅದೇ ವರ್ಷ ವಾಣಿಜ್ಯ ವಿಭಾಗದ ಕುಲ್ಸುಮ್ ಬಸುರಿಯಾದಳು. ನನ್ನ ಹಾಗೆ ಪಾರ್ಟ್‌ಟೈಮು. ಅವಳು ಪ್ರಿನ್ಸಿಪಾಲರ ಬಳಿ ಹೋಗಿ, ‘ಸರ್, ನನಗೂ ರಜೆ ಸಿಗುತ್ತದಾ?’ ಎಂದು ಕೇಳಿದಳು. ಕೇಳಿದ್ದು ಅಷ್ಟೇ. ಮರುದಿನ ಟೈಮ್‌ಟೇಬಲ್ ಬೋರ್ಡಿನಲ್ಲಿ ಅವಳ ಹೆಸರಿದ್ದ ಜಾಗ ಒದ್ದೆಯಾಗಿತ್ತು. ಯಾರೋ ಬಟ್ಟೆಯಿಂದ ಒರೆಸಿದ್ದರು. ಕುಲ್ಸುಮ್ ಅದನ್ನು ನೋಡುತ್ತ ನಿಂತಿದ್ದಳು. ನಾವು ಯಾರೂ ಅವಳ ಹತ್ತಿರ ಹೋಗಲಿಲ್ಲ. ನಮ್ಮ ಹೆಸರೂ ಅದೇ ಬೋರ್ಡಿನಲ್ಲಿತ್ತು.

ನನ್ನದು ಎರಡನೇ ಬಸುರು. ಮೊದಲನೆಯದು ಎರಡು ವರ್ಷದ ಹಿಂದೆ ಹೋಯಿತು. ಪರೀಕ್ಷೆ ಬಂತೆಂದರೆ ಕೆಳಗಿನ ಬೆಂಚುಗಳನ್ನು ಮೇಲಿನ ಹಾಲಿಗೆ ಸಾಗಿಸಬೇಕಿತ್ತು. ಅಟೆಂಡರು ಒಬ್ಬನೇ. ಮಿಕ್ಕಿದ್ದು ಪಾರ್ಟ್‌ಟೈಮಿನವರ ಕೆಲಸ. ಆ ಕಡೆ ಒಬ್ಬರು ಈ ಕಡೆ ಒಬ್ಬರು ಹಿಡಿದು ಮೆಟ್ಟಿಲು ಹತ್ತಿಸಿದೆವು. ಸಾಗುವಾನಿ ಬೆಂಚು, ಕಬ್ಬಿಣದ ಕಾಲು. ಹತ್ತುವಾಗಲೇ ಹೊಟ್ಟೆಯಲ್ಲಿ ಏನೋ ಕಿತ್ತ ಹಾಗಾಯಿತು. ಮಧ್ಯಾಹ್ನ ನನಗೆ ಕ್ಲಾಸಿತ್ತು. ಹೋಗಲಿಲ್ಲವೆಂದರೆ ದುಡ್ಡಿಲ್ಲ. ಹೋದೆ. ಕಪ್ಪು ಹಲಗೆಗೆ ಮುಖ ಮಾಡಿ ಬರೆಯುತ್ತ ನಿಂತೆ. ಕಾಲಿನ ಗುಂಟ ಬಿಸಿ ಇಳಿಯಿತು. ಲಂಗದ ಒಳಗೇ ಇಂಗಲಿ ಎಂದು ತೊಡೆ ಒತ್ತಿ ಹಿಡಿದು ಪಾಠ ಮುಗಿಸಿದೆ. ಆ ಗಂಟೆಯ ದುಡ್ಡು ಬಂತು.

ಹಾಗಾಗಿ ಈ ಸಲ ನನಗೆ ಎರಡು ಹೆದರಿಕೆ. ಮಗು ಹೋಗುತ್ತದೆಂಬುದು ಒಂದು. ಮಗು ಉಳಿದರೆ ಕೆಲಸ ಹೋಗುತ್ತದೆಂಬುದು ಇನ್ನೊಂದು. ಒಂದಕ್ಕೆ ಹೊಟ್ಟೆ ಬೆಳೆಯಲಿ ಎಂದು ಕೈಮುಗಿಯುತ್ತಿದ್ದೆ. ಇನ್ನೊಂದಕ್ಕೆ ಬೆಳೆಯದಿರಲಿ ಎಂದು.

ಗಂಡ ಗುರುವಯ್ಯನ ದೊಡ್ಡ ಸ್ವೆಟರ್ ಹಾಕಿಕೊಂಡು ಹೋಗುತ್ತಿದ್ದೆ. ಡಿಸೆಂಬರ್, ಜನವರಿಯ ಚಳಿಗೆ ಯಾರಿಗೂ ಅನುಮಾನ ಬರಲಿಲ್ಲ. ಸೀರೆಯ ನೆರಿಗೆ ಮೇಲಕ್ಕೆ ಕಟ್ಟುತ್ತಿದ್ದೆ. ಪುಸ್ತಕಗಳನ್ನು ಹೊಟ್ಟೆಗೆ ಒತ್ತಿ ಹಿಡಿಯುತ್ತಿದ್ದೆ. ವಾಕರಿಕೆ ಬಂದರೆ ಹಲಗೆ ಒರೆಸುವ ನೆಪದಲ್ಲಿ ತಿರುಗಿ ಬಾಯೊಳಗೇ ನುಂಗುತ್ತಿದ್ದೆ. ಯಾರಾದರೂ, ‘ಮೇಡಂ, ಸ್ವಲ್ಪ ದಪ್ಪ ಆಗಿದ್ದೀರ’ ಅಂದರೆ ಎದೆ ನಿಲ್ಲುತ್ತಿತ್ತು. ಕಾರಿಡಾರಿನಲ್ಲಿ ಪ್ರಿನ್ಸಿಪಾಲ್ ಚನ್ನಕೇಶವರ ಬೂಟಿನ ಸದ್ದು ಕೇಳಿದರೆ ಸಾಮಾನಿನ ಕೋಣೆಯ ಕತ್ತಲೆಗೆ ಸರಿಯುತ್ತಿದ್ದೆ.

ಜನವರಿ ಕೊನೆಗೆ ಚಳಿಜ್ವರ ಬಂತು. ಉಚ್ಚೆ ಹೊಯ್ಯುವಾಗ ಬೆಂಕಿ ಇಟ್ಟ ಹಾಗೆ. ಜಿಲ್ಲಾಸ್ಪತ್ರೆಯ ಡಾಕ್ಟರಮ್ಮ ಬಯ್ದರು.

“ಏನ್ರೀ, ಓದಿದೋರಲ್ವಾ ನೀವು? ಹೊಯ್ಯದೆ ಇಷ್ಟೊತ್ತು ಹಿಡ್ಕೊಂಡ್ರೆ ಸೋಂಕು ಮೇಲಕ್ಕೆ ಹತ್ತುತ್ತೆ. ಮಗೂಗೆ ಅಪಾಯ. ನೀರು ಕುಡೀರಿ. ಬಂದಾಗ ಹೋಗಿ. ಅದಕ್ಕೂ ಕಷ್ಟಾನಾ?”

ಕಷ್ಟ ಅಂತ ಹೇಳಲು ನಾಚಿಕೆಯಾಯಿತು.

ಮರುದಿನ ವಸುಮತಿ ಮೇಡಂ ಒಬ್ಬರೇ ಇದ್ದಾಗ ಹೋಗಿ ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತೆ. “ಮೇಡಂ, ಒಂದ್ನಿಮಿಷ ಕೀಲಿ ಕೊಡ್ತೀರಾ? ಜ್ವರ ಇದೆ.”

ಅವರು ನನ್ನ ಮುಖ ನೋಡಿದರು. ಆಮೇಲೆ ಹೊಟ್ಟೆ ನೋಡಿದರು. ಹೆತ್ತವರಿಗೆ ಗೊತ್ತಾಗದೆ ಇರುತ್ತದಾ?

“ಅಯ್ಯೋ ಎಂಥ ಮಾಡೋದು ಮಾರಾಯ್ತಿ,” ಅಂದರು ಸಣ್ಣ ದನಿಯಲ್ಲಿ. “ನಿಂಗೆ ಕೊಟ್ರೆ ನಾಳೆ ಎಲ್ರೂ ಕೇಳ್ತಾರೆ. ಪ್ರಿನ್ಸಿಪಾಲ್ರು ನನ್ನನ್ನೇ ಕರೆದು ಕೇಳ್ತಾರೆ. ನಾನ್ಯಾರಿಗೂ ಹೇಳಲ್ಲ, ಆಯ್ತಾ? ಅಷ್ಟ್ ಮಾತ್ರ ಮಾಡ್ತೀನಿ.”

ಅವರೂ ಹೆದರಿದ್ದರು. ಸರ್ಕಾರಿ ಸಂಬಳದ ಸ್ಕೇಲಿನಲ್ಲಿ ಇದ್ದವರಿಗೂ ಅಲ್ಲಿ ಹೆದರಿಕೆ ಇತ್ತು. ಅವರಿಗೆ ಹೆದರಿಕೆಗೂ ಸಂಬಳ ಬರುತ್ತಿತ್ತು.

ಫೆಬ್ರವರಿಯಲ್ಲಿ ಪರೀಕ್ಷೆಗೆ ಮತ್ತೆ ಬೆಂಚು ಸಾಗಿಸುವ ದಿನ ಬಂತು. ಚನ್ನಕೇಶವರು ಮೆಟ್ಟಿಲ ಕೆಳಗೆ ನಿಂತು ಉಸ್ತುವಾರಿ ನೋಡುತ್ತಿದ್ದರು. ಬಿಸಿಲೇರಿತ್ತು. ಸ್ವೆಟರ್ ಒಳಗೆ ಬೆವರು ಹರಿಯುತ್ತಿತ್ತು.

“ಹ್ಞೂಂ, ದೇವೀರಮ್ಮ, ಆ ಕಡೆ ಹಿಡೀರಿ.”

ಬಗ್ಗಿದೆ. ಕೈ ಬೆಂಚಿಗೆ ಹೋಗಲಿಲ್ಲ. ಹೊಟ್ಟೆಗೆ ಹೋಯಿತು. ನಾನು ಹೇಳಿ ಹೋಗಿದ್ದಲ್ಲ. ಎರಡೂ ಕೈ ತಾವಾಗಿಯೇ ಹೋಗಿ ಹೊಟ್ಟೆಯನ್ನು ಅಪ್ಪಿಕೊಂಡವು. ಸ್ವೆಟರ್ ಬಿಗಿಯಾಗಿ ಎಲ್ಲ ಕಂಡಿತು.

ಚನ್ನಕೇಶವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. “ಬಿಡಿ, ಬೇರೆಯವರು ಹಿಡೀತಾರೆ,” ಅಂದರು. “ನೀವು ಆಮೇಲೆ ಚೇಂಬರಿಗೆ ಬನ್ನಿ.”

ಚೇಂಬರಿನಲ್ಲಿ ಅವರು ನಗುತ್ತ ಮಾತಾಡಿದರು. ನಗದೆ ಇದ್ದಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

“ಸಂತೋಷದ ವಿಷಯ. ಇಂಥ ಟೈಮಲ್ಲಿ ರೆಸ್ಟ್ ಮುಖ್ಯ. ನೀವೇ ಒಂದು ಲೆಟರ್ ಬರ್ದು ಕೊಡಿ. ಸ್ವಂತ ಕಾರಣದಿಂದ, ಸ್ವಇಚ್ಛೆಯಿಂದ ಬಿಡ್ತಾ ಇದೀನಿ ಅಂತ. ಎರಡೇ ಸಾಲು.”

“ಸರ್, ಮಾರ್ಚಿಗೆ ಹೇಗೂ ಮುಗಿಯುತ್ತೆ. ಸಿಲಬಸ್ ಇನ್ನೂ…”

“ಸಿಲಬಸ್ ಯೋಚನೆ ನಿಮಗೆ ಬೇಡ.”

ಅವರ ಯೋಚನೆ ಏನೆಂದು ನನಗೆ ಗೊತ್ತಿತ್ತು. ಮೀಸಲು ಹುದ್ದೆಗಳನ್ನು ಇನ್ನು ಖಾಲಿ ಇಡಬೇಡಿ, ತುಂಬಿ ಎಂದು ಆ ವರ್ಷ ಇಲಾಖೆಯಿಂದ ಒತ್ತಡವಿತ್ತು. ಐದು ವರ್ಷ ಅದೇ ಪಾಠ ಮಾಡಿದವಳು ಕಣ್ಣೆದುರು ಇದ್ದರೆ ಮೂರನೇ ಸಲ ‘ಯಾರೂ ದೊರೆಯಲಿಲ್ಲ’ ಎಂದು ಬರೆಯುವುದು ಕಷ್ಟ. ನಾನೇ ಬಿಟ್ಟುಹೋದೆ ಎಂದು ನನ್ನ ಕೈಯಿಂದಲೇ ಬರೆಸಿಕೊಂಡರೆ ಸುಲಭ.

“ಸೋಮವಾರ ಸೆಕ್ರೆಟರಿಯವರು ಬರ್ತಾರೆ,” ಅಂದರು ಚನ್ನಕೇಶವರು. “ಅವರ ಎದುರೇ ಬರ್ದು ಕೊಡಿ. ಅಂದ ಹಾಗೆ ನಿಮ್ಮ ತಾಯಿ ಇನ್ನೂ ಅವರ ತೋಟದ ಲೈನಲ್ಲೇ ಅಲ್ವಾ ಇರೋದು?”

ನಾನು ಹೌದೆಂದು ತಲೆ ಆಡಿಸಿದೆ.

ಗುರುವಯ್ಯ ಅತ್ತಿಗುಂಡಿ ಕಡೆ ಪ್ರವಾಸಿಗಳಿಗೆ ಬಾಡಿಗೆ ಜೀಪು ಓಡಿಸುತ್ತಿದ್ದ. ಜೀಪು ಅವನದಲ್ಲ. ಅವನೂ ದಿನದ ಲೆಕ್ಕದವನು. ಅವನಿಗೆ ವಿಷಯ ಹೇಳಿದೆ.

“ಬರ್ದು ಕೊಟ್ಬಿಡು,” ಅಂದ. “ಅವ್ರ ಎದ್ರು ನಿಂತು ನಾವು ಉಳೀತೀವಾ?”

ಭಾನುವಾರ ಬಸ್ಸು ಹತ್ತಿ ಮಲ್ಲಂದೂರಿನ ಆಚೆ ಅವ್ವನ ಲೈನಿಗೆ, ತೋಟದ ಕೂಲಿಯವರ ಸಾಲುಮನೆಗೆ ಹೋದೆ. ಕಾಲೇಜಿನ ಸೆಕ್ರೆಟರಿ ಮಲ್ಲಿಕಾರ್ಜುನಪ್ಪನವರ ತೋಟ ಅದು. ನಾನು ಹುಟ್ಟಿದ್ದು ಆ ಲೈನಿನಲ್ಲೇ. ಅವ್ವ ಜವರಮ್ಮ ಮೂವತ್ತು ವರ್ಷದಿಂದ ಅಲ್ಲಿ ಹಣ್ಣು ಕುಯ್ಯುತ್ತಿದ್ದಳು, ಕಳೆ ತೆಗೆಯುತ್ತಿದ್ದಳು, ಗೊಬ್ಬರ ಹೊರುತ್ತಿದ್ದಳು. ಅವಳ ಬೆರಳು ಈಗ ನೆಟ್ಟಗಾಗುತ್ತಿರಲಿಲ್ಲ.

ನನ್ನ ಹೊಟ್ಟೆ ಮುಟ್ಟಿ ನೋಡಿದಳು. ಮುದ್ದೆ, ಸೊಪ್ಪಿನ ಸಾರು ಇಟ್ಟಳು. ತಿನ್ನುತ್ತ ಎಲ್ಲ ಹೇಳಿದೆ. ಅವಳಿಗೆ ಅರ್ಥವಾಗಲಿಲ್ಲ. ಎರಡನೇ ಸಲ ಹೇಳಿದೆ.

“ಅಂದ್ರೆ ಹೆರಿಗೆ ಸಂಬ್ಳ ಕೊಡಲ್ವಾ ನಿಂಗೆ?”

“ಕೊಡೋದಿರ್ಲಿ ಅವ್ವ. ಬಸುರಿ ಅಂತ ತೆಗೀತಾರೆ.”

“ನಂಗ್ ಕೊಟ್ಟಿದ್ರಲ್ಲೇ!” ಅಂದಳು ಅವ್ವ. “ನೀನ್ ಹುಟ್ದಾಗ ಹನ್ನೆರಡ್ ವಾರದ್ ಸಂಬ್ಳ ಕೊಟ್ರು. ಸುಮ್ನೆ ಕೊಡ್ಲಿಲ್ಲ. ಯೂನಿಯನ್ನೋರು ಬಂದು ಗೇಟಲ್ಲಿ ಕೂತ್ರು. ಆಮೇಲೆ ತೋಟದ ಲೆಕ್ಕ ಬರ್ಯೋ ರೈಟರ್ರು ಇದೇ ಬಾಗ್ಲಿಗೆ ಬಂದು, ಮಕ ಗಂಟ್ ಹಾಕ್ಕೊಂಡು ಕೊಟ್ ಹೋದ್ರು. ನಾನು ಹೆಬ್ಬೆಟ್ಟು. ಹಣ್ ಕುಯ್ಯೋಳು. ನಂಗೇ ಕೊಟ್ರು. ನೀನು ಮೇಡಮ್ಮು. ನಿಂಗ್ಯಾಕ್ ಕೊಡಲ್ಲ? ಓದಿದ್ದಕ್ಕಾ?”

ಅವಳು ಹಂಗಿಸಲು ಕೇಳಿದ್ದಲ್ಲ. ನಿಜಕ್ಕೂ ಗೊತ್ತಾಗದೆ ಕೇಳಿದ್ದು.

ಕೂಲಿಯಲ್ಲಿ ವ್ಯತ್ಯಾಸ ಯಾಕೆ ಬರುತ್ತದೆ ಎಂಬ ಅಧ್ಯಾಯವನ್ನು ನಾನು ವರ್ಷವೂ ಪಾಠ ಮಾಡುತ್ತಿದ್ದೆ. ಕೌಶಲ, ತರಬೇತಿ, ಅನುಭವ, ಕೆಲಸದ ಅಪಾಯ. ಹುಡುಗಿಯರು ಕಾರಣಗಳನ್ನು ಬಾಯಿಪಾಠ ಮಾಡಿ ಬರೆಯುತ್ತಿದ್ದರು. ನಾನು ಸರಿ ಹಾಕುತ್ತಿದ್ದೆ. ಅವ್ವ ಕೇಳಿದ್ದಕ್ಕೆ ಆ ಅಧ್ಯಾಯದಲ್ಲಿ ಉತ್ತರವಿರಲಿಲ್ಲ.

ಅಷ್ಟರಲ್ಲಿ ಲೈನಿನ ಕೆಳಗೆ ತೋಟದ ಜೀಪು ಬಂದ ಸದ್ದಾಯಿತು. ಅವ್ವ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಎದ್ದು ಹೋಗಿ ಬಾಗಿಲು ಮುಂದೆ ಮಾಡಿದಳು. ಜೀಪು ಮುಂದೆ ಹೋದ ಮೇಲೇ ಬಂದು ಕೂತಳು.

“ಸೈನ್ ಹಾಕ್ಬಿಡು ಮಗಾ,” ಅಂದಳು. “ಕಾಪಿ ರೇಟು ಬಿದ್ದೋಗದೆ. ಮೇಸ್ತ್ರಿ ವಾರವಾರ ಒಬ್ಬೊಬ್ಬರ್ನ ಬ್ಯಾಡ ಅಂತವ್ನೆ. ಈ ಮನೆ ಹೋದ್ರೆ ನಾನೆಲ್ಲಿಗ್ ಹೋಗ್ಲಿ?”

ಆಯಿತು ಎಂದೆ. ಬಸ್ಸಿನಲ್ಲಿ ಬರುವಾಗ ಆ ಎರಡು ಸಾಲನ್ನು ಮನಸ್ಸಿನಲ್ಲೇ ಬರೆದೂ ಮುಗಿಸಿದ್ದೆ.

ಸೋಮವಾರ ಚೇಂಬರಿನಲ್ಲಿ ಮಲ್ಲಿಕಾರ್ಜುನಪ್ಪನವರು ಕಿಟಕಿ ಪಕ್ಕದ ಸೋಫಾದಲ್ಲಿ ಕೂತಿದ್ದರು. ಬಿಳಿ ಶರ್ಟು, ಬಿಳಿ ಪಂಚೆ, ಹೊಳೆಯುವ ಚಪ್ಪಲಿ. ಚನ್ನಕೇಶವರು ನಿಂತಿದ್ದರು. ಮೇಜಿನ ಮೇಲೆ ಬಿಳಿ ಹಾಳೆ, ಪೆನ್ನು.

“ಬಾರಮ್ಮ,” ಅಂದರು ಮಲ್ಲಿಕಾರ್ಜುನಪ್ಪ. “ಜವರಿ ಮಗಳಲ್ವಾ ನೀನು? ಚಿಕ್ಕೋಳಿದ್ದಾಗ ನಮ್ ಕಣದಲ್ಲಿ ಒಣಗೋಕೆ ಹಾಕಿದ ಪಾರ್ಚ್‌ಮೆಂಟ್ ಕಾಫಿ ಮೇಲೆ ಓಡಾಡಿ ಮೇಸ್ತ್ರಿ ಹತ್ರ ಬೈಸ್ಕೊಳ್ತಿದ್ದೆ. ನೆನಪಿದೆ ನಂಗೆ. ನಮ್ ತೋಟದ ಹುಡುಗಿ ನಮ್ ಕಾಲೇಜಲ್ಲೇ ಪಾಠ ಮಾಡ್ತಾಳೆ ಅಂತ ನಾನೇ ಎಲ್ರ ಹತ್ರ ಹೇಳ್ಕೊಳ್ತೀನಿ.”

ನಾನು ಕೈಮುಗಿದೆ.

“ಇಷ್ಟು ಮಾಡಿದೀವಿ. ನಮಗೆ ತೊಂದರೆ ಆಗೋ ಹಾಗೆ ಮಾಡ್ಬೇಡ. ಬರ್ದು ಕೊಡು. ಹೆರಿಗೆ ಆದ್ಮೇಲೆ ಬೇಕಿದ್ರೆ ನೋಡೋಣ. ನಿಮ್ಮವ್ವಂಗೂ ವಯಸ್ಸಾಯ್ತು. ಅವಳು ನೆಮ್ಮದಿಯಾಗಿ ಇರ್ಬೇಕಲ್ವಾ?”

ಬೆಳಗಿನಿಂದ ನಾನು ಹೋಗಿರಲಿಲ್ಲ. ಡಾಕ್ಟರಮ್ಮ ಹೇಳಿದರೆಂದು ಆ ದಿನ ನೀರು ಕುಡಿದಿದ್ದೆ. ಹೊಟ್ಟೆಯ ಕೆಳಗೆ ಕಲ್ಲು ಕಟ್ಟಿದ ಹಾಗಿತ್ತು. ಮಗು ಒದೆಯುತ್ತಿತ್ತು. ಪೆನ್ನು ಹಿಡಿದೆ. ‘ಮಾನ್ಯರೇ’ ಎಂದು ಬರೆದೆ. ‘ದೇವೀರಮ್ಮ ಆದ ನಾನು’ ಎಂದು ಬರೆದೆ. ಮುಂದಿನದು ‘ಸ್ವಇಚ್ಛೆಯಿಂದ’. ಅದನ್ನು ಬರೆಯಲು ಕೈ ಇಟ್ಟೆ. ಒತ್ತಿದ ಪೆನ್ನಿನ ಮೊನೆ ಹಾಳೆಯನ್ನು ಹರಿಯಿತು.

“ಬೇರೆ ಹಾಳೆ ಕೊಡಿ ಇವರಿಗೆ,” ಅಂದರು ಮಲ್ಲಿಕಾರ್ಜುನಪ್ಪ. ಮೆತ್ತಗೇ ಅಂದರು.

ಆಗ ತಡೆಯಲಾಗಲಿಲ್ಲ. ತೊಡೆ ಒತ್ತಿ ಹಿಡಿದೆ. ಹಲ್ಲು ಕಚ್ಚಿ ಹಿಡಿದೆ. ಆದರೂ ಬಂತು. ಬಿಸಿಯಾಗಿ, ಉರಿಯುತ್ತ, ಸೀರೆ ತೊಯ್ದು, ಕಾಲು ತೊಯ್ದು, ಚೇಂಬರಿನ ಕೆಂಪು ನೆಲದ ಮೇಲೆ ಸದ್ದು ಮಾಡುತ್ತ ಬಂತು. ನಿಲ್ಲಿಸಲು ನೋಡಿದೆ. ನಿಲ್ಲಲಿಲ್ಲ. ನೆಲದ ಮೇಲೆ ಹರಿದು ಸೋಫಾದ ಕಡೆ ಹೋಯಿತು. ಮಲ್ಲಿಕಾರ್ಜುನಪ್ಪ ಎರಡೂ ಕಾಲು ಮೇಲಕ್ಕೆತ್ತಿಕೊಂಡರು. ಚನ್ನಕೇಶವರು ಗೋಡೆಯ ಕಡೆ ತಿರುಗಿದರು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎಂ.ಎ. ಮಾಡಿದವಳು ನಾನು. ಮಕ್ಕಳು ಎದ್ದು ನಿಂತು ನಮಸ್ಕಾರ ಹೇಳುವ ಮೇಡಂ ನಾನು. ಅಳು ಬಂತು. ಹೆದರಿಕೆ ಹೋಯಿತು ಎಂದು ಹೇಳಿದರೆ ಅದು ಸುಳ್ಳು. ಇನ್ನೂ ಹೆಚ್ಚಾಯಿತು. ಆದರೆ ಹೊಸ ಹಾಳೆ ಎದುರಿಗೆ ಬಂದಾಗ ನನ್ನ ಕೈ ಅದನ್ನು ಹಿಂದಕ್ಕೆ ತಳ್ಳಿತು.

“ನಾನು ಬರೆಯಲ್ಲ ಸರ್.”

“ಏನು?” ಅಂದರು ಚನ್ನಕೇಶವರು ಗೋಡೆಯ ಕಡೆಯಿಂದಲೇ.

“ನೀವು ಬರೀರಿ. ಬಸುರಿ ಅಂತ ತೆಗೆದ್ವಿ ಅಂತ ಬರೀರಿ. ಸೈನ್ ಹಾಕಿ, ಸೀಲ್ ಹೊಡ್ದು ಕೊಡಿ. ತಗೊಂಡು ಹೋಗ್ತೀನಿ.”

“ಯಾರ ಮುಂದೆ ಮಾತಾಡ್ತಾ ಇದೀಯ ಗೊತ್ತಾ?” ಚನ್ನಕೇಶವರು ಈಗ ತಿರುಗಿದರು.

“ಗೊತ್ತು ಸರ್.” ಮಾತು ತುಂಡುತುಂಡಾಗಿ ಬಂತು. “ಇದನ್ನ ಒರೆಸ್ತೀನಿ ಅಂತಾನೂ ಅನ್ಕೋಬೇಡಿ. ನಿಮ್ಮ ಬೀಗದಿಂದ ಆಗಿದ್ದು ಇದು. ನೀವೇ ಒರೆಸಿಸ್ಕೊಳ್ಳಿ.”

ಹೊರಗೆ ಬಂದೆ. ಹೆಜ್ಜೆ ಇಟ್ಟಲ್ಲೆಲ್ಲ ಒದ್ದೆ ಗುರುತು. ಕಾರಿಡಾರಿನಲ್ಲಿ ವಸುಮತಿ ಮೇಡಂ ನಿಂತಿದ್ದರು. ಕೇಳಿಸಿಕೊಂಡಿದ್ದರೋ ಏನೋ. ಮುಖ ಬಿಳುಚಿತ್ತು. ನನ್ನ ಸೀರೆ ನೋಡಿ ಅವರ ಬಾಯಿ ಅಲುಗಿತು. ಮುಷ್ಟಿಯಲ್ಲಿದ್ದ ಕೀಲಿಯನ್ನು ಮುಂದೆ ಚಾಚಿದರು. ನಾನು ತೆಗೆದುಕೊಂಡೆ. ಬೀಗ ತೆಗೆದು ಒಳಗೆ ಹೋಗಿ ಕಾಲು ತೊಳೆದೆ, ಸೀರೆ ಹಿಂಡಿದೆ. ಕನ್ನಡಿಯಲ್ಲಿ ನನ್ನ ಮುಖ ನೋಡಲಿಲ್ಲ. ಕೀಲಿಯನ್ನು ಬಾಗಿಲಲ್ಲೇ ಬಿಟ್ಟು ಕ್ಲಾಸಿಗೆ ಹೋದೆ. ನನ್ನ ಗಂಟೆ ಶುರುವಾಗಿತ್ತು.

ಒದ್ದೆ ಸೀರೆಯಲ್ಲಿ ನಿಂತು ಪಾಠ ಮಾಡಿದೆ. ಸ್ವೆಟರ್ ತೆಗೆದು ಮೇಜಿನ ಮೇಲೆ ಇಟ್ಟಿದ್ದೆ. ಹೊಟ್ಟೆ ಕಾಣುತ್ತಿತ್ತು. ಯಾರೂ ನಗಲಿಲ್ಲ.

ಮರುದಿನ ಬೋರ್ಡಿನಲ್ಲಿ ನನ್ನ ಹೆಸರಿರಲಿಲ್ಲ. ನಾನು ಹೋಗುವುದನ್ನು ಬಿಡಲಿಲ್ಲ. ನನ್ನ ಕ್ಲಾಸಿನ ಹೊತ್ತಿಗೆ ಹೋಗಿ ವರಾಂಡದಲ್ಲಿ ನಿಲ್ಲುತ್ತಿದ್ದೆ. ತೆಗೆದಿದ್ದೀರೆಂದು ಬರೆದು ಕೊಡಿ, ಹೋಗುತ್ತೇನೆ ಎನ್ನುತ್ತಿದ್ದೆ. ಅವರು ಬರೆದು ಕೊಡಲಿಲ್ಲ. ನನ್ನ ಗಂಟೆಗಳನ್ನು ವಸುಮತಿ ಮೇಡಂಗೆ ಹಾಕಿದರು. ಅವರು ಮೊದಲ ದಿನ ತೆಗೆದುಕೊಂಡರು. ಎರಡನೇ ದಿನ, ‘ನನ್ನ ಗಂಟೆ ನನಗೆ ಸಾಕು ಸರ್’ ಅಂದರಂತೆ. ಅಷ್ಟು ಹೇಳಿದ್ದಕ್ಕೆ ಅವರ ಇನ್‌ಕ್ರಿಮೆಂಟ್ ಆ ವರ್ಷ ತಡವಾಯಿತೆಂದು ಆಮೇಲೆ ಗೊತ್ತಾಯಿತು.

ಅವ್ವನ ವಿಷಯ ತಡವಾಗಲಿಲ್ಲ. ವಾರದೊಳಗೆ ಮೇಸ್ತ್ರಿ, ‘ನಿಂಗಿನ್ನು ಕೆಲ್ಸ ಇಲ್ಲ ಜವರಿ’ ಅಂದ. ರೈಟರ್ರು ಬಂದು ಮನೆ ಖಾಲಿ ಮಾಡು ಅಂದರು. ಕಾಫಿ ರೇಟು ಬಿದ್ದಿದೆ ಎಂಬುದೇ ಕಾರಣ. ಅವ್ವ ಎರಡು ಗಂಟು, ಒಂದು ಕೋಳಿ ಹಿಡಿದು ನಮ್ಮ ಒಂದು ಕೋಣೆಯ ಮನೆಗೆ ಬಂದಳು. ನಾನು ಅವಳ ಕಾಲು ಹಿಡಿದು ಅತ್ತೆ. ಬಯ್ಯುತ್ತಾಳೆ ಅಂದುಕೊಂಡಿದ್ದೆ. ಬಯ್ದಳು ಕೂಡ. “ಅಷ್ಟ್ ಹೇಳಿದ್ನಲ್ಲೇ ಸೈನ್ ಹಾಕು ಅಂತ! ಎಲ್ಲಿ ಕಲ್ತೆ ಈ ಪೊಗರ್ನ?” ಎಂದು ಬೆನ್ನಿಗೊಂದು ಗುದ್ದಿದಳು. ಆಮೇಲೆ ಗೋಡೆಗೆ ಒರಗಿ ಕೂತು, “ಗೇಟಲ್ಲಿ ಕೂತಿದ್ರಲ್ಲ ಯೂನಿಯನ್ನೋರು, ಅವರ ಹತ್ರ ಹೋಗ್ಬಾರದಾ?” ಎಂದು ಕೇಳಿದಳು.

ನಾನು ಕುಲ್ಸುಮ್ ಮನೆಗೆ ಹೋದೆ. ಬಾಗಿಲು ತೆಗೆದವಳು ಒಳಗೆ ಕರೆಯಲಿಲ್ಲ.

“ನನ್ನ ಹೆಸರು ಒರೆಸಿದಾಗ ನೀನೆಲ್ಲಿದ್ದೆ?” ಅಂದಳು.

“ಅಲ್ಲೇ ಇದ್ದೆ. ಹೆದರಿದ್ದೆ.”

“ಈಗ?”

“ಈಗ್ಲೂ.”

ಅವಳು ನನ್ನ ಹೊಟ್ಟೆ ನೋಡಿದಳು. ಆಮೇಲೆ ಬುರ್ಖಾ ಹಾಕಿಕೊಂಡು, ಮಗುವನ್ನು ಸೊಂಟಕ್ಕೆ ಏರಿಸಿ ಹೊರಟಳು.

ಕಾರ್ಮಿಕರ ಕಚೇರಿಯಲ್ಲಿ, ‘ಪಾಠ ಹೇಳೋದು ಕೂಲಿ ಅಲ್ಲ, ನೀವು ಶಿಕ್ಷಣ ಇಲಾಖೆಗೆ ಹೋಗಿ’ ಅಂದರು. ಶಿಕ್ಷಣ ಇಲಾಖೆಯಲ್ಲಿ, ‘ಗಂಟೆ ಲೆಕ್ಕದೋರು ನಮ್ಮ ಪಟ್ಟಿಲಿಲ್ಲ, ಲೇಬರ್ ಆಫೀಸಿಗೆ ಹೋಗಿ’ ಅಂದರು. ನಾವು ಎರಡೂ ಕಡೆ ಅರ್ಜಿ ಕೊಟ್ಟೆವು. ಅವ್ವ ಯೂನಿಯನ್ನಿನ ಹಳೆಯ ಮುಖಂಡನನ್ನು ಹುಡುಕಿದಳು. ಅವನಿಗೆ ಲಕ್ವಾ ಹೊಡೆದು ಮಾತು ಹೋಗಿತ್ತು. ಆದರೆ ಅವನ ಜಾಗಕ್ಕೆ ಬಂದವನು ಅವ್ವನ ಕೇಸು ಹಿ‍ಡಿದ. ಮೂರು ವರ್ಷ ಅಲೆದ ಮೇಲೆ ಅವ್ವನಿಗೆ ಅವಳ ಗ್ರಾಚ್ಯುಟಿ ಬಂತು. ಮನೆ ಬರಲಿಲ್ಲ. ನನ್ನ ಅರ್ಜಿಗೆ ಇವತ್ತಿನವರೆಗೂ ಉತ್ತರವಿಲ್ಲ.

ಮೇ ತಿಂಗಳ ಮೊದಲ ಮಳೆಗೆ ನನಗೆ ಹೆರಿಗೆಯಾಯಿತು. ಹೆಣ್ಣು. ತೂಕ ಕಡಿಮೆ. ಆದರೆ ಕಿರುಚಿದ ಸದ್ದು ವಾರ್ಡಿನ ಕೊನೆಗೆ ಕೇಳಿತು.

ಜೂನ್ ಕೊನೆಗೆ ಕಾಲೇಜಿನಲ್ಲಿ ಪಾರ್ಟ್‌ಟೈಮ್ ಇಂಟರ್‌ವ್ಯೂ ಇಟ್ಟರು. ಆ ವರ್ಷ ನನ್ನನ್ನೂ ಕುಲ್ಸುಮಳನ್ನೂ ತೆಗೆದುಕೊಳ್ಳಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಖಾಲಿ ಹುದ್ದೆ ಮತ್ತೂ ಕೆಲವು ವರ್ಷ ಖಾಲಿಯೇ ಇತ್ತು. ತೆಗೆದುಕೊಳ್ಳುವುದಿಲ್ಲ ಎಂದು ಗೊತ್ತಿದ್ದೇ ಹೋಗಿದ್ದೆವು. ನಮ್ಮನ್ನು ಯಾರೂ ಕರೆದಿರಲಿಲ್ಲ. ಪೇಪರಿನಲ್ಲಿ ‘ಆಸಕ್ತರು ಹಾಜರಾಗಬಹುದು’ ಎಂದಿತ್ತು.

ಹೊರಡುವಾಗ ಗುರುವಯ್ಯ ಬಾಗಿಲಿಗೆ ಅಡ್ಡ ನಿಂತ. “ಆ ಸಣ್ ಕೂಸು ಕಟ್ಕೊಂಡು ಹೋಗಿ ಏನ್ ಮಾಡ್ತೀಯ?” ಅಂದ. ನಾನು ಕೂಸನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡೆ. ಕೊನೆಗೆ ಅವನೇ ಜೀಪಿನಲ್ಲಿ ಬಿಟ್ಟ.

ಮಳೆ ಹೊಯ್ಯುತ್ತಿತ್ತು. ವರಾಂಡದಲ್ಲಿ ಎಳೆಯ ಹುಡುಗ ಹುಡುಗಿಯರು ಫೈಲು ಹಿಡಿದು ಕೂತಿದ್ದರು. ಹೊಸಬರು. ನಮ್ಮ ತೋಳಿನಲ್ಲಿದ್ದ ಮಕ್ಕಳನ್ನು ನೋಡಿ ಸರಿದು ಜಾಗ ಕೊಟ್ಟರು. ಅಟೆಂಡರು ಬಂದು, “ಮಕ್ಕಳನ್ನ ಒಳಗೆ ಬಿಡಲ್ಲಂತೆ ಮೇಡಂ,” ಅಂದ. ಅವನ ಕಣ್ಣಲ್ಲೂ ಹೆದರಿಕೆ ಇತ್ತು. “ಸರಿ, ನೀನು ಹೇಳಿದೀಯ ಅಂತ ಹೇಳ್ತೀವಿ,” ಅಂದಳು ಕುಲ್ಸುಮ್.

ನನ್ನ ಸರದಿ ಬಂತು. ಎದ್ದೆ. ಕುಲ್ಸುಮ್ ಬೆನ್ನಿಗೆ ಕೈ ಇಟ್ಟಳು. ತಳ್ಳಲಿಲ್ಲ, ಸುಮ್ಮನೆ ಇಟ್ಟಳು. ಒಳಗೆ ಹೋದೆ.

ಉದ್ದ ಮೇಜಿನ ಆಚೆ ಐದು ಜನ. ನಡುವೆ ಮಲ್ಲಿಕಾರ್ಜುನಪ್ಪ, ಪಕ್ಕದಲ್ಲಿ ಚನ್ನಕೇಶವರು. ನನ್ನ ಎದೆ ಹೊಡೆದುಕೊಳ್ಳುವ ಸದ್ದು ಮಗುವಿನ ಕಿವಿಗೆ ಕೇಳಿರಬೇಕು. ಅದು ಮಿಸುಕಾಡಿತು.

ಮಲ್ಲಿಕಾರ್ಜುನಪ್ಪ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. “ಮತ್ತೆ ಬಂದೆಯಾ?” ಅಂದರು. “ಅವ್ವನ್ನ ಬೀದಿಗೆ ತಂದೆ. ನಿನ್ನ ಕೆಲ್ಸಾನೂ ಕಳ್ಕೊಂಡೆ. ಹೆದರಿಕೆ ಅನ್ನೋದೇ ಇಲ್ವಾ ನಿಂಗೆ?”

“ಇದೆ ಸರ್,” ಎಂದೆ. “ಹೆದರ್ಕೊಂಡೇ ಬಂದಿದೀನಿ.”

ಮಗು ಅಳತೊಡಗಿತು. ಹಸಿವಿನ ಅಳು. ನಾನು ಎದುರಿಗಿದ್ದ ಕುರ್ಚಿ ಎಳೆದು ಕೂತು, ಸೆರಗು ಸರಿಸಿ ಹಾಲಿಗೆ ಬಿಟ್ಟೆ. ಐದು ಜನರೂ ಮೇಜಿನ ಮೇಲಿನ ಕಾಗದ ನೋಡತೊಡಗಿದರು. ಮಗು ಚೀಪುವ ಸದ್ದು ಕೇಳುತ್ತಿತ್ತು.

“ಪ್ರಶ್ನೆ ಕೇಳಿ ಸರ್,” ಎಂದೆ.